ಮರಳಿ ಬಂದ ಗೆರೆಗಳು

ಜನವರಿಯ ಒಂದು ಬೆಳಿಗ್ಗೆ ತಂಗಿ ಕೆನಡಾದ ವಿನಿಪೆಗ್‌ನಿಂದ ಒಂದು ಫೋಟೊ ಕಳಿಸಿದಳು. ಅವಳ ಕೂಸಿಗೆಂದು ನಾನು ಧಾರವಾಡದಲ್ಲಿ ಕೂತು ನಾಲ್ಕು ತಿಂಗಳು ಹೊಲಿದ, ಕೌದಿಯಂಥ ಹೊದಿಕೆ, ಕ್ವಿಲ್ಟ್ ಅದು. ಪಾರ್ಸೆಲ್ ಬಂದಾಗ ಅವರು ಊರಲ್ಲಿರಲಿಲ್ಲ, ತಂದವರು ಬಾಗಿಲ ಹೊರಗೆ ಇಟ್ಟು ಹೋಗಿದ್ದರಂತೆ. ಎರಡು ರಾತ್ರಿ, ಮೈನಸ್ 25 ಡಿಗ್ರಿ ಚಳಿಯಲ್ಲಿ, ಅದು ಅಲ್ಲೇ ಇತ್ತು. ಒಳಗೆ ತಂದು ಬಿಚ್ಚಿದರೆ ಬಿಳಿ ಬಟ್ಟೆಯ ತುಂಬ ಕಪ್ಪು ಗೆರೆ.

"ಅಕ್ಕಾ, ಇದು ನೀನ ಹಾಕಿದ ಡಿಸೈನೇನ? ಇಲ್ಲೊಂದ್ಕಡೆ '3 ಬೆರಳು' ಅಂತ ಬರದೈತಲ್ಲ, ಏನದು?"

ಫೋಟೊ ದೊಡ್ಡದು ಮಾಡಿ ನೋಡಿದೆ. ನನ್ನದೇ ಕೈಬರಹ. ಸ್ಟೀಲಿನ ವಾಟಿ ಕವುಚಿಟ್ಟು ಒಂದರ ಮೇಲೊಂದು ಎಳೆದಿದ್ದ ಅರ್ಧಚಂದ್ರಗಳು, ಸಾಲು ತಪ್ಪಿದ ಮೇಲೆ ಅರ್ಧ ಇಂಚು ಸರಿಸಿ ಮತ್ತೆ ಎಳೆದಿದ್ದ ಅರ್ಧಚಂದ್ರಗಳು, ನಡುವಿನ ಕಮಲಕ್ಕೆ ಹಾಕಿಕೊಂಡ ಅಳತೆ, ಅಂಚಿನಿಂದ ಎಷ್ಟು ಜಾಗ ಬಿಡಬೇಕೆಂದು ಬರೆದುಕೊಂಡ "3 ಬೆರಳು" ಎಲ್ಲವೂ ಅಲ್ಲಿದ್ದವು. ತಪ್ಪಿದ್ದು, ತಿದ್ದಿದ್ದು, ಎರಡೂ ಒಟ್ಟಿಗೆ. ಹೊಲಿಗೆಗೆ ದಾರಿಯಾಗಲೆಂದು, ಬಿಸಿಗೆ ಮಾಯವಾಗುವ ಪೆನ್ನಿನಲ್ಲಿ ಎಳೆದಿದ್ದ ಆ ಗೆರೆಗಳನ್ನು ಹೊಲಿಗೆ ಮುಗಿದ ದಿನ ನಾನೇ ಕೈಯಾರೆ ಇಸ್ತ್ರಿ ಹಾಕಿ ತೆಗೆದಿದ್ದೆ. ಇಸ್ತ್ರಿ ಪೆಟ್ಟಿಗೆ ಮುಂದೆ ಸರಿದಂತೆ ಅದರ ಹಿಂದೆ ಬಟ್ಟೆ ಬೆಳ್ಳಗಾಗುತ್ತ ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ತೆಗೆದೆ ಎಂದುಕೊಂಡಿದ್ದೆ. ಅವು ಹೋಗಿರಲೇ ಇಲ್ಲ.

ಆ ಫೋಟೊ ಬಂದ ಮೇಲೆ ನಾನು ಬಟ್ಟೆಯ ಮೇಲೆ ಗೆರೆ ಎಳೆಯುವ ರೀತಿಯೇ ಬದಲಾಯಿತು. ಅಂಗಡಿಯಲ್ಲಿ ಪೆನ್ನು ಕೈಗೆತ್ತಿಕೊಂಡಾಗ ಮೊದಲೆಲ್ಲ ಗೆರೆ ಎಷ್ಟು ಸಣ್ಣ ಬರುತ್ತದೆ, ಕಾಣುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಈಗ ನನಗೆ ಬೇಕಾದ ಉತ್ತರ ಒಂದೇ: ಇದು ಬಟ್ಟೆಯಿಂದ ಹೇಗೆ ಹೋಗುತ್ತದೆ? ನಿಜವಾಗಿ ಹೋಗುತ್ತದೋ, ಅಡಗಿ ಕೂರುತ್ತದೋ?

ನಮ್ಮ ಆಯಿಗೆ ಈ ಪ್ರಶ್ನೆಯೇ ಇರಲಿಲ್ಲ. ಆಕೆಯ ಕೌದಿಗೆ ಗೆರೆ ಇರಲಿಲ್ಲ. ಹಳೇ ಸೀರೆ, ಧೋತರ, ಹರಿದ ಲಂಗಗಳನ್ನು ಮೂರು ನಾಲ್ಕು ಪದರು ಹಾಸಿ, ನಾಲ್ಕು ಮೂಲೆಗೆ ಕಲ್ಲೋ ಸೇರು ಪಾವೋ ಇಟ್ಟು ಜಗ್ಗಿ, ಅಂಚಿನಿಂದ ಹೊಲಿಯಲು ಶುರುಮಾಡುತ್ತಿದ್ದಳು. ಮೊದಲ ಸಾಲಿಗೆ ಅಂಚೇ ಗೆರೆ, ಎರಡನೆಯ ಸಾಲಿಗೆ ಮೊದಲ ಸಾಲೇ ಗೆರೆ. ಎಡಗೈಯ ತೋರುಬೆರಳು ಹಿಂದಿನ ಸಾಲಿನ ಮೇಲೆ ಇರುತ್ತಿತ್ತು, ಸೂಜಿ ಅದರ ಪಕ್ಕದಲ್ಲಿ ನಡೆಯುತ್ತಿತ್ತು. ನಮ್ಮ ಕಡೆ ಗೊಂದಲಿಗರ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಓಣಿಗೆ ಬಂದು ಮನೆಮನೆಯ ಹಳೇ ಬಟ್ಟೆ ತೆಗೆದುಕೊಂಡು ಕಟ್ಟೆಯ ಮೇಲೆ ಕೂತು ಕೌದಿ ಹೊಲಿದುಕೊಡುತ್ತಿದ್ದರು. ಅವರ ಕೈಯಲ್ಲೂ ಚಾಕ್ ಇದ್ದದ್ದನ್ನು ನಾನು ಕಂಡಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಆಯಿಗೆ ನೆರವಾಗಲು ಹೋಗಿದ್ದೆ. "ಗೆರಿ ಯಾಕ ಬೇಕವಾ? ಬೆರಳಿಲ್ಲೇನ ನಿನಗ?" ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಆಕೆಗೆ ಅರ್ಥವಾಗಿರಲಿಲ್ಲ.

ಧಾರವಾಡದಿಂದ ತಾಸೊಪ್ಪತ್ತಿನ ಹಾದಿ ಹಳಿಯಾಳ. ಆ ಕಡೆಯ, ಯಲ್ಲಾಪುರ ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹೀಗೆಯೇ. ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತುತ್ತ, ದಾರಿಯಲ್ಲಿ ಒಂದೊಂದೇ ತುಂಡು ಸೇರಿಸುತ್ತ, ಸುತ್ತು ಕಿರಿದಾಗುತ್ತ ಕೊನೆಗೆ ನಡುಮಧ್ಯಕ್ಕೆ ಬಂದು ನಿಲ್ಲುತ್ತಾರೆ. ಮೇಲಿನ ಚಿತ್ತಾರ ಮೊದಲೇ ಗೊತ್ತಿರುವುದಿಲ್ಲ, ಹೊಲಿಯುತ್ತ ಹುಟ್ಟುತ್ತದೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಅದಕ್ಕೆ ಫುಲ ಎನ್ನುತ್ತಾರೆ, ಫುಲ ಇಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಇನ್ನು ನಮ್ಮ ಕಸೂತಿಯಂತೂ ಗೆರೆಯನ್ನು ಒಪ್ಪುವುದೇ ಇಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆಗಳು. ಎಳೆ ಎಣಿಸಲು ಬಾರದ ನುಣುಪು ಬಟ್ಟೆಯಾದರೆ ಮೇಲೊಂದು ಜಾಲಿ ಬಟ್ಟೆ ಕೂಡಿಸಿ, ಅದರ ಕಣ್ಣು ಎಣಿಸಿ ಹೊಲಿದು, ಆಮೇಲೆ ಜಾಲಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಯೋಚಿಸಿದರೆ ಅದೂ ಅಳಿಸುವ ಗೆರೆಯೇ. ಕೆಲಸ ಮುಗಿದ ಮೇಲೆ ಒಂದು ಎಳೆಯೂ ಉಳಿಯುವುದಿಲ್ಲ.

ಇಂಥ ನೆಲದಲ್ಲಿ ಹುಟ್ಟಿಯೂ ನನಗೆ ಗೆರೆ ಬೇಕು. ನನ್ನ ಮನಸ್ಸಿಗೆ ಹಿಡಿಸಿದ್ದು ಬಿಳಿ ಬಯಲಿನ ಮೇಲೆ ಬಳ್ಳಿ, ಗರಿ, ವರ್ತುಲಗಳನ್ನು ಬರೀ ಓಟ ಹೊಲಿಗೆಯಲ್ಲಿ ಎಬ್ಬಿಸುವ ಕೆಲಸ. ಮೇಲೆ ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರು. ಹೊಲಿಗೆ ಬಿದ್ದ ಕಡೆ ಬಟ್ಟೆ ತಗ್ಗಿ, ಬೀಳದ ಕಡೆ ಉಬ್ಬಿ, ನೆರಳು ಬೆಳಕಿನಲ್ಲೇ ಚಿತ್ರ ಕಾಣುವ ಕೆಲಸ. ಗೆರೆ ಇಲ್ಲದೆ ಎರಡು ಕಮಲ ಒಂದೇ ಅಳತೆಗೆ ಬರುವುದಿಲ್ಲ. ಆಯಿಯ ಬೆರಳಿಗೆ ಗೊತ್ತಿದ್ದ ಅಂತರ ನೇರ ಸಾಲಿನದು. ಬಳ್ಳಿಯ ಬಳುಕು ನನ್ನ ಬೆರಳಿಗೆ ಇನ್ನೂ ಗೊತ್ತಿಲ್ಲ.

ಮೊದಲು ಆ ಇಸ್ತ್ರಿಗೆ ಮಾಯವಾಗುವ ಪೆನ್ನಿನ ವಿಷಯ. ಜಪಾನಿನಲ್ಲಿ ರೂಪುಗೊಂಡ ಈ ಬಗೆಯ ಶಾಯಿ ಬಟ್ಟೆಗೆಂದು ಹುಟ್ಟಿದ್ದಲ್ಲ, ಕಾಗದದ ಮೇಲೆ ಬರೆದು ಉಜ್ಜಿ ಅಳಿಸಲೆಂದು ಬಂದದ್ದು. ಶಾಯಿಯ ಒಂದೊಂದು ಕಣವೂ ಒಂದು ಸೂಕ್ಷ್ಮ ಗುಳಿಗೆ. ಅದರೊಳಗೆ ಬಣ್ಣ ಕೊಡುವ ವಸ್ತು ಒಂದು, ಆ ಬಣ್ಣವನ್ನು ಅರಳಿಸುವ ವಸ್ತು ಇನ್ನೊಂದು, ಇವೆರಡರ ನಡುವೆ ಮೂರನೆಯದೊಂದು. ಸುಮಾರು 60 ಡಿಗ್ರಿ ಬಿಸಿ ತಗುಲಿದರೆ ಮೂರನೆಯದು ಕರಗಿ ಮೊದಲಿನ ಎರಡನ್ನು ಬೇರೆ ಮಾಡುತ್ತದೆ, ಬಣ್ಣ ಕಾಣದಾಗುತ್ತದೆ. ಬಣ್ಣದ ಸಾಮಾನು ಮಾತ್ರ ಬಟ್ಟೆಯಲ್ಲೇ ಇರುತ್ತದೆ. ಮೈನಸ್ 10ರಿಂದ 20 ಡಿಗ್ರಿಯ ಚಳಿ ತಾಗಿದಾಗ ಮೂರನೆಯದು ಹೆಪ್ಪುಗಟ್ಟಿ ಆಚೆ ಸರಿಯುತ್ತದೆ, ಬೇರೆಯಾದ ಎರಡೂ ಮತ್ತೆ ಕೂಡುತ್ತವೆ. ಧಾರವಾಡದ ಚಳಿಗೆ ಅದು ಎಂದೂ ಆಗದ ಮಾತು. ಇಲ್ಲಿ ಡಿಸೆಂಬರಿನ ನಸುಕಿನಲ್ಲಿ ನಾವು ಶಾಲು ಹೊದ್ದು ಕಾಯಿಸಿಕೊಳ್ಳುವ ಚಳಿ ಆ ಶಾಯಿಗೆ ಲೆಕ್ಕಕ್ಕೇ ಇಲ್ಲ. ವಿನಿಪೆಗ್‌ನ ಚಳಿ ಲೆಕ್ಕಕ್ಕಿತ್ತು.

ಆ ಪೆನ್ನನ್ನು ನಾನು ಬಿಸಾಡಿಲ್ಲ. ಅಸ್ತರಿನ ಒಳಬದಿ, ಹೊಲಿಗೆಯ ಒಳಗೆ ಮುಚ್ಚಿಹೋಗುವ ಅಂಚು, ಕತ್ತರಿಸಿ ತೆಗೆಯುವ ಹೆಚ್ಚುವರಿ ಬಟ್ಟೆ ಇಂಥ ಕಡೆ ಅದರಷ್ಟು ತೆಳುವಾದ, ಖಚಿತವಾದ ಗೆರೆ ಬೇರೆ ಯಾವುದೂ ಕೊಡುವುದಿಲ್ಲ. ಹೊರಬದಿಗೆ ಮಾತ್ರ ಅದನ್ನು ತಾಗಿಸುವುದಿಲ್ಲ. ಗಾಢ ಬಣ್ಣದ ಬಟ್ಟೆಯ ಮೇಲಂತೂ ಸರ್ವಥಾ ಇಲ್ಲ. ಅಲ್ಲಿ ಶಾಯಿ ಮಾಯವಾದ ಜಾಗದಲ್ಲಿ ಮಾಸಲು ಬಿಳಿ ಗೆರೆಯೊಂದು ಉಳಿಯುತ್ತದೆ, ಅದಕ್ಕೆ ಇಸ್ತ್ರಿಯೂ ಇಲ್ಲ, ನೀರೂ ಇಲ್ಲ.

ನೀರಿಗೆ ಹೋಗುವ ನೀಲಿ ಪೆನ್ನು ನನಗೆ ಹೆಚ್ಚು ಇಷ್ಟ. ಅದಕ್ಕೊಂದು ನಿಯಮ ಇದೆ, ಅದನ್ನು ಪಾಲಿಸಿದರೆ ಅದು ಮೋಸ ಮಾಡುವುದಿಲ್ಲ. ನಾನು ನಿಯಮ ಕಲಿತದ್ದು ಒಂದು ದಿಂಬಿನ ಹೊದಿಕೆ ಕೆಡಿಸಿಕೊಂಡು. ಹೊಲಿಗೆ ಮುಗಿದಿತ್ತು, ಸುಕ್ಕು ಕಾಣುತ್ತಿತ್ತು, ಒಗೆಯುವ ಮೊದಲು ಒಂದು ಸಲ ಇಸ್ತ್ರಿ ಎಳೆದೆ. ನೀಲಿ ಗೆರೆ ಕಣ್ಣೆದುರೇ ಚಹಾ ಕಲೆಯಂಥ ಕಂದು ಬಣ್ಣಕ್ಕೆ ತಿರುಗಿತು. ಎಷ್ಟು ನೆನೆಸಿದರೂ ಹೋಗಲಿಲ್ಲ. ಬಿಸಿ ತಾಗಿದರೆ ಆ ಶಾಯಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಇಸ್ತ್ರಿ ಮಾತ್ರವಲ್ಲ, ಬಿಸಿನೀರು, ಏಪ್ರಿಲ್ ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರು, ಕಿಟಕಿಯಲ್ಲಿ ದಿನವಿಡೀ ಬೀಳುವ ಬಿಸಿಲು ಎಲ್ಲವೂ ಅದಕ್ಕೆ ಬಿಸಿಯೇ. ಸಾಬೂನಿನ ಪುಡಿಯೂ ಹಾಗೆಯೇ ಕಚ್ಚಿಸಬಹುದು. ಹಾಗಾಗಿ ಕ್ರಮ ಹೀಗೆ: ಹೊಲಿಗೆ ಮುಗಿಯಿತೋ, ಮೊದಲು ತಣ್ಣೀರು, ಬರೀ ತಣ್ಣೀರು. ಅದಾದ ಮೇಲೆ ಸಾಬೂನು. ಎಲ್ಲದರ ಕೊನೆಗೆ ಇಸ್ತ್ರಿ.

ತಣ್ಣೀರು ಎಂದರೆ ಚಿಮುಕಿಸುವುದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸ್ಪ್ರೇ ಬಾಟಲಿಯಿಂದ ನೀರು ಹೊಡೆದರೆ ಗೆರೆ ತಟ್ಟನೆ ಮಾಯವಾಗುತ್ತದೆ, ಖುಷಿಯಾಗುತ್ತದೆ. ಮರುದಿನ ಒಣಗಿದ ಮೇಲೆ ನೋಡಿದರೆ ಮಬ್ಬು ನೀಲಿ ಮತ್ತೆ ಮೇಲೆದ್ದಿರುತ್ತದೆ. ನೀರು ಕುಡಿದ ಶಾಯಿ ಕೆಳಗಿನ ಹತ್ತಿಯ ಪದರಕ್ಕೆ ಇಳಿದಿರುತ್ತದೆ. ಮೇಲಿನ ಬಟ್ಟೆ ಒಣಗುತ್ತ ಬಂದಂತೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ, ಒಳಗಿನ ನೀರನ್ನೂ ಶಾಯಿಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ಇಡೀ ಕ್ವಿಲ್ಟ್ ಮುಳುಗುವಷ್ಟು ನೀರು ಬೇಕು. ನಾನು ದೊಡ್ಡ ಟಬ್ಬಿನಲ್ಲಿ ಅರ್ಧ ತಾಸು ನೆನೆಹಾಕಿ, ನೀರು ಚೆಲ್ಲಿ, ಹೊಸ ನೀರಲ್ಲಿ ಮತ್ತೆ ಅರ್ಧ ತಾಸು ಬಿಡುತ್ತೇನೆ. ಹಿಂಡುವುದಿಲ್ಲ. ಹಳೇ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವುತ್ತೇನೆ. ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ, ನೀಲಿ ಎಲ್ಲೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಸಾಬೂನಿನ ಮಾತು.

ನೇರಳೆ ಬಣ್ಣದ ಇನ್ನೊಂದು ಪೆನ್ನಿದೆ, ತಾನಾಗಿಯೇ ಗಾಳಿಗೆ ಹೋಗುತ್ತದೆ. ಒಂದೆರಡು ದಿನದಲ್ಲಿ ಹೋಗುತ್ತದೆ ಎನ್ನುತ್ತಾರೆ. ನಮ್ಮ ಮಳೆಗಾಲದ ಒದ್ದೆ ಗಾಳಿಯಲ್ಲಿ ಬೆಳಿಗ್ಗೆ ಎಳೆದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಇಲ್ಲದಂತಾದದ್ದೂ ಉಂಟು. ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ನಮ್ಮ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪಗಾಗುತ್ತದಲ್ಲ, ಆರತಿಯ ಓಕುಳಿ ಮಾಡುವುದೇ ಹಾಗಲ್ಲವೆ? ಅರಿಶಿನದ ಕಲೆಯಾದ ಬಟ್ಟೆಗೆ ಸಾಬೂನು ಹಚ್ಚಿದ ಕೂಡಲೇ ಕೆಂಪಾಗಿ, ಜಾಲಿಸಿದ ಮೇಲೆ ಮತ್ತೆ ಹಳದಿಯಾಗುವುದನ್ನು ಯಾರು ನೋಡಿಲ್ಲ? ಸುಣ್ಣ, ಸಾಬೂನು, ಸೋಡಾ ಇವು ಕ್ಷಾರ. ಹೀಗೆ ಮಾಯವಾಗುವ ಶಾಯಿಯೂ ಕ್ಷಾರ ಇರುವವರೆಗೆ ಬಣ್ಣ ತೋರಿಸುವಂಥದ್ದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ತೇವ ಆ ಕ್ಷಾರವನ್ನು ಮೆಲ್ಲಗೆ ತೀರಿಸಿದಂತೆ ಬಣ್ಣ ಆರುತ್ತದೆ. ಇಲ್ಲೂ ಬಣ್ಣ ಕಾಣದಾಯಿತೇ ಹೊರತು ಶಾಯಿ ಬಟ್ಟೆಯಲ್ಲೇ ಇದೆ. ಅದಕ್ಕೇ ಗೆರೆ ಹೋಯಿತೆಂದು ನೇರ ಸಾಬೂನು ನೀರಿಗೆ ಹಾಕಿದರೆ ಅದು ಮತ್ತೆ ಮುಖ ತೋರಿಸಬಹುದು. ಕಣ್ಣಿಗೆ ಕಾಣದಿದ್ದರೂ ಇದನ್ನೂ ಮೊದಲು ಬರೀ ನೀರಲ್ಲಿ ತೊಳೆಯಬೇಕು. ಗುಂಡಿ ಮನೆಯ ಜಾಗ, ಕೂತಲ್ಲೇ ಹೊಲಿದು ಏಳುವ ಒಂದು ಹೂವು, ಇಂಥ ತಾಸೆರಡು ತಾಸಿನ ಕೆಲಸಕ್ಕೆ ನೇರಳೆ ಪೆನ್ನು ಸಾಕು. ನಾಲ್ಕು ತಿಂಗಳ ಕ್ವಿಲ್ಟಿಗೆ ಅದನ್ನು ನಂಬಿ ಕೂರಲಾಗದು.

ಪೆನ್ನುಗಳ ಮಾತು ಇಷ್ಟು ಸಾಕು. ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಶಾಯಿಯೇ ಇಲ್ಲದ ಗೆರೆಗಳು.

ಧಾರವಾಡದ ಸುಭಾಸ ರೋಡಿನಲ್ಲಿ ಹೊಲಿಗೆ ಸಾಮಾನಿನ ಒಂದು ಸಣ್ಣ ಅಂಗಡಿ ಇದೆ. ಅಲ್ಲಿ ಟೇಲರ್ ಚಾಕಿನ ಡಬ್ಬಿ ಕೇಳಿದರೆ ಅಂಗಡಿಯ ಹಿರಿಯರು ಮರುಪ್ರಶ್ನೆ ಹಾಕುತ್ತಾರೆ: "ಮಣ್ಣಿಂದ ಬೇಕೋ, ಮೇಣದ್ದೋ?" ಎರಡೂ ನೋಡಲು ಒಂದೇ, ಮೂಲೆ ಚೂಪಾದ ಚಪ್ಪಟೆ ಬಿಲ್ಲೆ. ಮಣ್ಣಿನದು ಉಗುರಿಗೆ ಪುಡಿಯಾಗುತ್ತದೆ, ಬಟ್ಟೆಯ ಮೇಲೆ ಕೂತು ಜಾಡಿಸಿದರೆ ಉದುರುತ್ತದೆ. ಮೇಣದ್ದು ಉಗುರಿಗೆ ಜಾರುತ್ತದೆ, ಗೆರೆ ನುಣ್ಣಗೆ ಬರುತ್ತದೆ. ಉಣ್ಣೆಯ ಕೋಟು ಕತ್ತರಿಸುವ ಟೇಲರ್‌ಗೆ ಅದೇ ಸರಿ. ಹತ್ತಿ ಬಟ್ಟೆಯ ಮೇಲೆ ಎಳೆದು ಇಸ್ತ್ರಿ ಮಾಡಿದರೆ ಮೇಣ ಕರಗಿ ಎಣ್ಣೆ ಕಲೆ ಬಿಡುತ್ತದೆ. ನಾನು ಮಣ್ಣಿನದೇ ತರುತ್ತೇನೆ, ಅದೂ ಬಿಳಿ ಮಾತ್ರ. ಹಳದಿ ಮತ್ತು ಕೆಂಪು ಚಾಕಿನ ಬಣ್ಣ ಹತ್ತಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಚಾಕಿನ ಒಂದೇ ಕೊರತೆ ಎಂದರೆ ಅದು ಬೇಗ ಉದುರುತ್ತದೆ. ತೊಡೆಯ ಮೇಲೆ ಹಾಕಿಕೊಂಡು ಹೊಲಿಯುವಾಗ ಅಂಗೈ ತಾಗಿದ ಕಡೆ ಗೆರೆ ಇರುವುದಿಲ್ಲ. ಆದ್ದರಿಂದ ಇಡೀ ಕ್ವಿಲ್ಟ್ ಒಮ್ಮೆಲೇ ಗುರುತು ಮಾಡದೆ, ಇವತ್ತು ಹೊಲಿಯುವಷ್ಟನ್ನೇ ಇವತ್ತು ಎಳೆಯಬೇಕು.

ಗಾಢ ಬಣ್ಣಕ್ಕೆ ನನ್ನ ಆಯ್ಕೆ ಸಾಬೂನಿನ ಚೂರು. ಮೈ ತೊಳೆಯುವ ಸಾಬೂನು ಸವೆದು ಕೊನೆಗೆ ಬೆರಳ ನಡುವೆ ಜಾರುವ ತೆಳು ಚಕ್ಕೆಯಾಗುತ್ತದಲ್ಲ, ಅದನ್ನು ಎತ್ತಿಟ್ಟು ವಾರವೊಪ್ಪತ್ತು ಗಾಳಿಗೆ ಒಣಗಿಸಬೇಕು. ಅಂಚು ಚಾಕುವಿನಂತಾಗುತ್ತದೆ. ಕೆನೆ, ಎಣ್ಣೆ ಹೆಚ್ಚು ಸೇರಿಸಿದ ಮೆತ್ತನೆಯ ಸಾಬೂನು ಬೇಡ, ಅದರ ಜಿಡ್ಡು ಬಟ್ಟೆಗೆ ಹತ್ತುತ್ತದೆ. ಗಟ್ಟಿಯಾದ, ಬಿಳಿಯ, ಸಾದಾ ಸಾಬೂನಾಗಬೇಕು. ಆಯಿಯ ಚಂದ್ರಕಾಳಿ ಸೀರೆ ಮಡಿಕೆ ಮಡಿಕೆಯಲ್ಲಿ ಸೀಳಿಹೋದ ಮೇಲೆ ಕಸೂತಿ ಇದ್ದ ಸೆರಗನ್ನು ತೆಗೆದಿರಿಸಿ, ಗಟ್ಟಿ ಉಳಿದ ಕಪ್ಪು ಒಡಲನ್ನು ಕ್ವಿಲ್ಟಿಗೆ ಬಳಸಿದೆ. ಆ ಕಪ್ಪಿನ ಮೇಲೆ ಯಾವ ಪೆನ್ಸಿಲನ್ನೂ ಒತ್ತಲು ಕೈ ಬರಲಿಲ್ಲ. ಎಳೆ ಅಷ್ಟು ಸೋತಿತ್ತು. ಸಾಬೂನಿನ ಚಕ್ಕೆ ಅದರ ಮೇಲೆ ಒತ್ತಡವೇ ಇಲ್ಲದೆ ಹರಿಯಿತು. ಕೂದಲೆಳೆಯಷ್ಟು ಸಣ್ಣ, ಬೆಳ್ಳಿಯಂಥ ಗೆರೆ. ಸೂಜಿಯೂ ಆ ಗೆರೆಯಲ್ಲಿ ತುಸು ಸಲೀಸಾಗಿ ಇಳಿಯುತ್ತದೆ ಅನ್ನಿಸಿತು. ಒಗೆಯಲು ನೀರಿಗೆ ಹಾಕಿದಾಗ ಗೆರೆಯೇ ನೊರೆಯಾಗಿ ಹೋಯಿತು.

ಮೂರನೆಯದು ಮಡಿಕೆ ಗೆರೆ. ಜಪಾನಿನಲ್ಲಿ ಕಿಮೋನೊ ಹೊಲಿಯುವವರು ಹೆರಾ ಎಂಬ ಪುಟ್ಟ ಸಾಧನ ಬಳಸುತ್ತಾರೆ. ಹಿಂದೆ ಮೂಳೆಯಲ್ಲೋ ಮರದಲ್ಲೋ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ಕಿನದೂ ಸಿಗುತ್ತದೆ. ಬೆಣ್ಣೆ ಸವರುವ ಚಾಕುವಿನಂಥ ಮೊಂಡು ಅಲಗು. ಅದನ್ನು ಬಟ್ಟೆಯ ಮೇಲೆ ಒತ್ತಿ ಎಳೆದರೆ ಬಣ್ಣವಿಲ್ಲದ, ಹೊಳೆಯುವ ಒಂದು ಗೀರು ಮೂಡುತ್ತದೆ. ನಮ್ಮ ಟೇಲರ್‌ಗಳು ಉಗುರಿನಿಂದ ಗೀರಿ ಮಡಿಕೆ ಕೂರಿಸುವುದಿಲ್ಲವೆ, ಅದೇ ಕೆಲಸ. ಹೆರಾ ಸಿಗುವ ಮೊದಲು ನಾನು ಚಮಚದ ಹಿಡಿಕೆಯ ತುದಿಯನ್ನು ಬಳಸುತ್ತಿದ್ದೆ. ಮೂರೂ ಪದರ ಕೂಡಿಸಿ ಕಚ್ಚಾ ಹೊಲಿಗೆ ಹಾಕಿದ ಮೇಲೆ ಗೀರಿದರೆ, ಕೆಳಗೆ ಹತ್ತಿ ಮೆತ್ತಗಿರುವುದರಿಂದ ಗೀರು ಆಳಕ್ಕೆ ಬೀಳುತ್ತದೆ. ಅಪ್ಪಟ ಹತ್ತಿಯ ಮೇಲೆ ಚೆನ್ನಾಗಿ ನಿಲ್ಲುತ್ತದೆ, ಪಾಲಿಯೆಸ್ಟರ್ ಬೆರೆತ ಬಟ್ಟೆ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹೂವಿನ ಪ್ರಿಂಟಿನ ಮೇಲೆ ಕಾಣುವುದೂ ಇಲ್ಲ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಈ ಗೆರೆ ಇಲ್ಲವೇ ಇಲ್ಲ ಅನಿಸುತ್ತದೆ. ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ, ಬಟ್ಟೆಯ ಮಟ್ಟಕ್ಕೆ ಇಳಿಸಿದರೆ ಮಾತ್ರ ಗೀರಿನ ಒಂದು ಬದಿಗೆ ನೆರಳು ಬಿದ್ದು ದಾರಿ ಕಾಣುತ್ತದೆ. ಬಟ್ಟೆಗೆ ಏನನ್ನೂ ಸೇರಿಸದ ಗೆರೆ ಇದು. ನೀರು ತಾಗಿದರೆ ಎಳೆ ಮತ್ತೆ ಎದ್ದು ನಿಲ್ಲುತ್ತದೆ, ಗುರುತು ಉಳಿಯುವುದಿಲ್ಲ.

ನಮ್ಮಲ್ಲಿ ಆರಿ ಕೆಲಸದ ಬ್ಲೌಸಿಗೆ ಟ್ರೇಸಿಂಗ್ ಹಾಕುವವರ ಕ್ರಮವನ್ನೂ ಹೇಳಬೇಕು. ಕಾಗದದ ಮೇಲಿನ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನೋ ನೀಲಿಯನ್ನೋ ಬಟ್ಟೆಯ ಉಂಡೆಯಿಂದ ಸವರುತ್ತಾರೆ. ಕಾಗದ ಎತ್ತಿದರೆ ಚುಕ್ಕಿ ಚುಕ್ಕಿಯ ಬಳ್ಳಿ ಕೆಳಗಿರುತ್ತದೆ. ನೀರಾದರೆ ಹರಡುತ್ತಿತ್ತು. ಸೀಮೆಎಣ್ಣೆ ಪುಡಿಯನ್ನು ಬಟ್ಟೆಗೆ ಮುಟ್ಟಿಸಿ ತಾನು ಹಾರಿಹೋಗುತ್ತದೆ. ಲಕ್ನೋದ ಚಿಕನ್ ಕೆಲಸದಲ್ಲೂ ಮರದ ಅಚ್ಚಿನಿಂದ ಒಗೆದರೆ ಹೋಗುವ ನೀಲಿಯನ್ನು ಒತ್ತಿ, ಅದರ ಮೇಲೆ ಕಸೂತಿ ಹಾಕಿ, ಕೊನೆಗೆ ಒಗೆದು ನೀಲಿಯನ್ನು ಕಳೆಯುತ್ತಾರೆ. ಒಗೆಯುವವರ ಕೆಲಸ ಅಲ್ಲಿ ಹೊಲಿಯುವವರ ಕೆಲಸದಷ್ಟೇ ದೊಡ್ಡದು. ಒಂದೇ ಬಳ್ಳಿ ಹತ್ತು ಸಲ ಬರಬೇಕಾದಾಗ ನಾನು ಚುಚ್ಚಿದ ಕಾಗದವನ್ನೇ ಬಳಸುತ್ತೇನೆ, ಸೀಮೆಎಣ್ಣೆ ಬಿಟ್ಟು, ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿದ ಚಾಕ್ ಪುಡಿಯನ್ನು ತಟ್ಟಿ.

ಇಂಗ್ಲೆಂಡಿನ ಉತ್ತರದಲ್ಲಿ ಆಲನ್‌ಹೆಡ್ಸ್ ಎಂಬ ಸಣ್ಣ ಹಳ್ಳಿ ಇದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಕ್ವಿಲ್ಟಿಗೆ ಗೆರೆ ಹಾಕಿಕೊಡುವುದೇ ಒಂದು ಕಸುಬಾಗಿತ್ತು. ಜಾರ್ಜ್ ಗಾರ್ಡಿನರ್ ಎಂಬ ಅಂಗಡಿಯವನು, ಆಮೇಲೆ ಅವನಿಂದ ಕಲಿತ ಎಲಿಜಬೆತ್ ಸ್ಯಾಂಡರ್ಸನ್, ನೀಲಿ ಪೆನ್ಸಿಲಿನಲ್ಲಿ ಬಳ್ಳಿ, ಗುಲಾಬಿ, ಗರಿಗಳನ್ನು ಬರೆದುಕೊಡುತ್ತಿದ್ದರು. ಬೇರೆ ಹೆಂಗಸರು ಅದನ್ನು ಮನೆಗೊಯ್ದು ಹೊಲಿಯುತ್ತಿದ್ದರು. ಹೊಲಿದವರು ಒಗೆದಾಗ ಬರೆದವರ ಕೈ ಅಳಿದುಹೋಗುತ್ತಿತ್ತು. ಒಗೆಯದೆ ಪೆಟ್ಟಿಗೆಯಲ್ಲಿ ಉಳಿದ ಬಟ್ಟೆಗಳಲ್ಲಿ ಮಾತ್ರ ಆ ನೀಲಿ ಗೆರೆ ಇಂದಿಗೂ ಕಾಣುತ್ತದೆ. ಆ ನೀಲಿಯ ಬಗ್ಗೆ ಓದಿದಾಗ ನನಗೆ ತಂಗಿ ಕಳಿಸಿದ ಫೋಟೊ ನೆನಪಾಯಿತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬರೆಯುವ ಪೆನ್ಸಿಲ್ಲಿನ ಸೀಸ ಪೂರ್ತಿ ಹೋಗುತ್ತದೆಂದು ನಂಬಬೇಡಿ. ಎಳೆಯಲೇಬೇಕಾದರೆ ಗಟ್ಟಿ ಸೀಸ, ಹಗುರ ಕೈ. ನೇರ ಸಾಲಿಗೆ ಕಾಲಿಂಚು ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಬದಿಗೆ ಹೊಲಿಯಬಹುದು. ಅವತ್ತಿನ ಟೇಪನ್ನು ಅವತ್ತೇ ಕೀಳಬೇಕು, ನಮ್ಮ ಸೆಕೆಗೆ ಅಂಟು ಬಟ್ಟೆಯಲ್ಲೇ ಉಳಿದು ಧೂಳು ಹಿಡಿಯುತ್ತದೆ. ಬರವಣಿಗೆಗೆ ಬಳಸುವ ಕಾರ್ಬನ್ ಕಾಗದ ಬೇಡವೇ ಬೇಡ. ಶಾಲೆಯಲ್ಲಿ ಕಾರ್ಬನ್ ಇಟ್ಟು ಚಿತ್ರ ಇಳಿಸಿ ನಾನು ಹಾಕಿದ ಒಂದು ಟೇಬಲ್ ಕ್ಲಾತ್ ಇನ್ನೂ ಅವ್ವನ ಟ್ರಂಕಿನಲ್ಲಿದೆ. ಗುಲಾಬಿಯ ದಾರ ಅಲ್ಲಲ್ಲಿ ಸವೆದು ಉದುರಿದೆ. ಅದರಡಿಯ ಕಾರ್ಬನ್ ಗೆರೆ ಎಳೆದ ದಿನದ ಹಾಗೆಯೇ ಇದೆ.

ಈಗ ಯಾವ ಬಟ್ಟೆ, ಯಾವ ಗುರುತು ಬಂದರೂ ಮೊದಲು ಪಟ್ಟಿ ಪರೀಕ್ಷೆ. ಕ್ವಿಲ್ಟಿಗೆ ಬಳಸುವ ಅದೇ ಬಟ್ಟೆ, ಅದೇ ಹತ್ತಿ, ಅದೇ ಅಸ್ತರು ಸೇರಿಸಿ ಗೇಣುದ್ದದ ಪಟ್ಟಿ ಹೊಲಿಯುತ್ತೇನೆ. ಬರೀ ಮೇಲಿನ ಬಟ್ಟೆಯ ಮೇಲೆ ಪರೀಕ್ಷೆ ಮಾಡಿದರೆ ಹತ್ತಿಗಿಳಿದ ಶಾಯಿಯ ಕಥೆ ತಿಳಿಯುವುದಿಲ್ಲ. ಪಟ್ಟಿಯ ಮೇಲೆ ಒಂದೊಂದು ಸಾಧನದಿಂದ ಎರಡೆರಡು ಗೆರೆ ಎಳೆದು, ಪಕ್ಕದಲ್ಲಿ ದಾರದಿಂದಲೇ ಹೆಸರು, ತಾರೀಖು ಹೊಲಿಯುತ್ತೇನೆ. ಹೊಲಿಗೆಗೆ ಎಷ್ಟು ದಿನ ಬೇಕೋ ಅಷ್ಟು ದಿನ ಗೆರೆ ಹಾಗೆಯೇ ಇರಬೇಕು, ಏಕೆಂದರೆ ಒಂದು ದಿನದ ಗೆರೆ ಹೋದಂತೆ ಮೂರು ತಿಂಗಳ ಗೆರೆ ಹೋಗುವುದಿಲ್ಲ. ಆಮೇಲೆ ತಣ್ಣೀರು, ಸಾಬೂನು, ಇಸ್ತ್ರಿ, ಇದೇ ಕ್ರಮದಲ್ಲಿ. ಕೊನೆಗೆ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಒಂದು ರಾತ್ರಿ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ, ಅಡಗಿದ ಶಾಯಿಯನ್ನು ಎಬ್ಬಿಸಲು ಅಷ್ಟು ಸಾಕು.

ಮೊದಲ ಸಲ ಹಾಗೆ ಇಟ್ಟಾಗ ಬಟಾಣಿಗೆ ಕೈ ಹಾಕಿದ ಅವ್ವನ ಕೈಗೆ ಪಟ್ಟಿ ಸಿಕ್ಕಿತು. "ಇದೇನ ಅರಿವಿ ಫ್ರೀಜಿನ್ಯಾಗ ಇಟ್ಟಿಯಲ್ಲವಾ!" ಎಂದು ಹೊರಗೆ ತಂದಳು. ಕಾರಣ ಹೇಳಿದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು, ಇಸ್ತ್ರಿಗೆ ಹೋಗಿದ್ದ ಕಪ್ಪು ಗೆರೆ ಮತ್ತೆ ಎದ್ದಿದ್ದನ್ನು ಬೆರಳಾಡಿಸಿ ನೋಡಿದಳು. ಅದರ ಪಕ್ಕದ ಸಾಬೂನಿನ ಸಾಲು, ಚಾಕಿನ ಸಾಲು, ಹೆರಾದ ಸಾಲು ಖಾಲಿ ಇದ್ದವು. ನೀಲಿಯದೂ ಖಾಲಿ.

ತಂಗಿ ಆ ಕ್ವಿಲ್ಟಿಗೆ ಅಲ್ಲೇ ಇಸ್ತ್ರಿ ಹಾಕಿ ಗೆರೆ ಮಾಯ ಮಾಡಿದ್ದಾಳೆ, ಎರಡು ಸಲ ಒಗೆದಿದ್ದಾಳೆ. ಮರುವರ್ಷದ ಚಳಿಗಾಲದಲ್ಲಿ ಮಗುವನ್ನು ಅದರಲ್ಲಿ ಸುತ್ತಿ ಕಾರಿಗೆ ಒಯ್ದು, ಕ್ವಿಲ್ಟನ್ನು ಕಾರಿನಲ್ಲೇ ಮರೆತು ಬಂದಿದ್ದಳಂತೆ. ಬೆಳಿಗ್ಗೆ ಮತ್ತೆ ಅರ್ಧಚಂದ್ರಗಳು, ಮೊದಲಿಗಿಂತ ಮಸುಕಾಗಿ. ಅವಳಿಗೆ ಬೇಸರವಿಲ್ಲ. ನನಗಿದೆ. ಕೂಸಿನ ಮೈಮೇಲೆ ಹೊದಿಸುವ ಬಟ್ಟೆಯಲ್ಲಿ ನಾನು ತಿಳಿಯದೆ ಬಿಟ್ಟ ಶಾಯಿ ಇದೆ ಎಂಬುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಇನ್ನೊಂದು ಹೊಲಿಯುತ್ತಿದ್ದೇನೆ.

ಹೊಸದರ ಒಡಲು ಕಡುಗೆಂಪು ಇಳಕಲ್, ಮೂಲೆಯಿಂದ ಮೂಲೆಗೆ ಓರೆ ಸಾಲುಗಳು. ಗೆರೆ ಎಳೆಯಲು ಆರಡಿ ಉದ್ದದ ಅಳತೆಪಟ್ಟಿ ನಮ್ಮ ಮನೆಯಲ್ಲಿಲ್ಲ. ಕಳೆದ ಭಾನುವಾರ ನಡುಮನೆಯಲ್ಲಿ ಬಟ್ಟೆ ಹಾಸಿ, ದಪ್ಪ ದಾರಕ್ಕೆ ಬಿಳಿ ಚಾಕ್ ತಿಕ್ಕಿ, ಒಂದು ತುದಿ ಅವ್ವನ ಕೈಗೆ ಕೊಟ್ಟೆ. ಬಡಿಗ್ಯಾರು ಹಲಗೆಯ ಮೇಲೆ ದಾರ ಚಿಮ್ಮಿ ಗೆರೆ ಹೊಡೆಯುತ್ತಾರಲ್ಲ, ಹಾಗೆ. ಅವ್ವ ಆ ಮೂಲೆಯಲ್ಲಿ ಮಂಡಿಯೂರಿ ಕೂತು ದಾರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ನಾನು ಈ ಕಡೆಯಿಂದ ಬಿಗಿದು, ನಡುವಿನಲ್ಲಿ ಎತ್ತಿ ಬಿಟ್ಟೆ. ಟಪ್ ಎಂದಿತು. ತುಸು ಪುಡಿ ಎದ್ದು ಕೂತಿತು. ಕೆಂಪಿನ ಮೇಲೆ ಒಂದು ಬಿಳಿ ಗೆರೆ, ಈ ಮೂಲೆಯಿಂದ ಆ ಮೂಲೆಗೆ.

"ಮುಂದಿನದು ಎಷ್ಟ ದೂರ?" ಎಂದಳು ಅವ್ವ.

"ಮೂರು ಬೆರಳು."

ಅವಳು ತನ್ನ ಬೆರಳು ಮೂರನ್ನು ಗೆರೆಯ ಪಕ್ಕಕ್ಕೆ ಇಟ್ಟು, ದಾರವನ್ನು ಅಲ್ಲಿಗೆ ಸರಿಸಿದಳು.